ಮೊದಲು ಯಂತ್ರವೋ, ಮೊದಲು ತತ್ವವೋ: ವಿಜ್ಞಾನ ಮತ್ತು ತಂತ್ರಜ್ಞಾನದ ಚರಿತ್ರೆಯ ಕುರಿತು ಟಿಪ್ಪಣಿ

ವಿಜ್ಞಾನ ಮತ್ತು ತಂತ್ರಜ್ಞಾನದ ಚರಿತ್ರೆಯನ್ನು ಪಠ್ಯಪುಸ್ತಕಗಳು ಹೆಚ್ಚಾಗಿ ಒಂದೇ ಪಟ್ಟಿಯಲ್ಲಿ ಸೇರಿಸಿ ಕೊಡುತ್ತವೆ. ಕಲ್ಲಿನ ಆಯುಧದಿಂದ ತೊಡಗಿ ಲೋಹ, ಕಾಗದ, ಮುದ್ರಣ, ಉಗಿಯಂತ್ರ, ವಿದ್ಯುತ್ತು, ಗಣಕಯಂತ್ರ ಎಂದು ಸಾಗುವ ಆ ಪಟ್ಟಿಯನ್ನು ಓದುವವರ ಮನಸ್ಸಿನಲ್ಲಿ, ವಿಜ್ಞಾನಿಯೊಬ್ಬ ಮೊದಲು ತತ್ವವನ್ನು ಕಂಡುಕೊಳ್ಳುತ್ತಾನೆ, ಆಮೇಲೆ ಮತ್ತೊಬ್ಬ ಅದನ್ನು ಯಂತ್ರವಾಗಿ ಕಟ್ಟುತ್ತಾನೆ ಎಂಬ ಕಲ್ಪನೆ ತಾನಾಗಿಯೇ ಬೇರೂರುತ್ತದೆ. ಚರಿತ್ರೆಯ ಬಹುಭಾಗ ಹೀಗೆ ನಡೆದೇ ಇಲ್ಲ. ಮಾಡಿ ನೋಡುವ ಕೈಗೂ ಕಾರಣ ಹುಡುಕುವ ಬುದ್ಧಿಗೂ ಇರುವ ಸಂಬಂಧ ಕಾಲದಿಂದ ಕಾಲಕ್ಕೆ ಬದಲಾಗಿದೆ. ಆ ಬದಲಾವಣೆಯನ್ನು ಹಿಡಿದುಕೊಂಡರೆ ಇಸವಿಗಳನ್ನು ಉರು ಹೊಡೆಯುವ ಕಷ್ಟ ಬಹಳಷ್ಟು ತಪ್ಪುತ್ತದೆ ಎಂಬುದು ಈ ಟಿಪ್ಪಣಿಯ ನಿಲುವು.

ಲೋಹಗಾರಿಕೆಯಿಂದ ಆರಂಭಿಸೋಣ. ತಾಮ್ರ 1085 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಅದಕ್ಕೆ ಸುಮಾರು ಹತ್ತರಲ್ಲಿ ಒಂದು ಪಾಲು ತವರ ಬೆರೆಸಿದರೆ ಇನ್ನೂ ಕಡಿಮೆ ಬಿಸಿಯಲ್ಲಿ ಕರಗುವ, ಆದರೆ ತಾಮ್ರಕ್ಕಿಂತ ಗಡುಸಾದ ಕಂಚು ದೊರೆಯುತ್ತದೆ. ಕಬ್ಬಿಣ ಕರಗಲು 1538 ಡಿಗ್ರಿ ಬೇಕು, ಪ್ರಾಚೀನ ಕುಲುಮೆಗಳು ಅಷ್ಟು ಬಿಸಿಯನ್ನು ಮುಟ್ಟುತ್ತಿರಲಿಲ್ಲ. ಆದ್ದರಿಂದ ಅದಿರಿನಿಂದ ಬರುತ್ತಿದ್ದದ್ದು ದ್ರವ ಕಬ್ಬಿಣವಲ್ಲ, ಕಿಟ್ಟ ಬೆರೆತ ತೂತುತೂತಾದ ಮುದ್ದೆ. ಅದನ್ನು ಮತ್ತೆ ಮತ್ತೆ ಕಾಯಿಸಿ ಬಡಿದು ಕಿಟ್ಟವನ್ನು ಹೊರಗೆಡಹಬೇಕಾಗಿತ್ತು. ಚೀನಾದ ಕುಶಲಿಗಳು ಮಾತ್ರ ಕ್ರಿಸ್ತಪೂರ್ವದಲ್ಲೇ ಕಬ್ಬಿಣವನ್ನು ಎರಕ ಹೊಯ್ಯುತ್ತಿದ್ದರು. ಕಬ್ಬಿಣ ಇದ್ದಿಲಿನಿಂದ ಶೇಕಡಾ 4ರಷ್ಟು ಇಂಗಾಲವನ್ನು ಹೀರಿಕೊಂಡಾಗ ಅದರ ಕರಗುವ ಬಿಂದು ಸುಮಾರು 1150 ಡಿಗ್ರಿಗೆ ಇಳಿಯುತ್ತದೆ ಎಂಬುದೇ ಇದರ ಗುಟ್ಟು. ಹಾಗೆಂದು ಇಂಗಾಲವೆಂಬ ಮೂಲವಸ್ತುವಿನ ಕಲ್ಪನೆ ಆ ಕಮ್ಮಾರರಿಗೆ ಇತ್ತೆಂದಲ್ಲ. ಕಬ್ಬಿಣ, ಉಕ್ಕು ಮತ್ತು ಎರಕದ ಕಬ್ಬಿಣಗಳ ನಡುವಣ ವ್ಯತ್ಯಾಸಕ್ಕೆ ಇಂಗಾಲದ ಪ್ರಮಾಣವೇ ಕಾರಣ ಎಂಬುದನ್ನು ಫ್ರಾನ್ಸಿನ ವಾಂಡರ್ಮಾಂಡ್, ಬರ್ತೊಲೆ ಮತ್ತು ಮಾಂಜ್ ತೋರಿಸಿದ್ದು 1786ರಲ್ಲಿ. ದಕ್ಷಿಣ ಭಾರತದ ಮೂಸೆಯ ಉಕ್ಕು ಅಷ್ಟು ಹೊತ್ತಿಗೆ ಎಷ್ಟೋ ಶತಮಾನಗಳಿಂದ ಪಶ್ಚಿಮ ಏಷ್ಯಾದ ಖಡ್ಗಗಳಾಗುತ್ತಿತ್ತು. 1819ರ ಸುಮಾರಿನಲ್ಲಿ ತರುಣ ಮೈಕೇಲ್ ಫ್ಯಾರಡೆ ಲಂಡನ್ನಿನಲ್ಲಿ ಅದೇ ಉಕ್ಕನ್ನು ವಿಶ್ಲೇಷಿಸಿ ಅದರ ಗುಣಕ್ಕೆ ಕಾರಣ ಹುಡುಕುತ್ತಿದ್ದ.

ಇಂಥ ಉದಾಹರಣೆಗಳಿಗೆ ಕೊರತೆಯಿಲ್ಲ. ಆಹಾರವನ್ನು ಗಾಜಿನ ಸೀಸೆಗಳಲ್ಲಿ ಮುಚ್ಚಿ ಕುದಿಸಿ ಕೆಡದಂತೆ ಇಡುವ ವಿಧಾನಕ್ಕಾಗಿ ನಿಕೊಲಾ ಅಪೇರ್ ಎಂಬ ಫ್ರೆಂಚ್ ಮಿಠಾಯಿಗಾರ 1810ರಲ್ಲಿ ಸರ್ಕಾರದಿಂದ 12,000 ಫ್ರಾಂಕ್ ಬಹುಮಾನ ಪಡೆದ. ಸೂಕ್ಷ್ಮಜೀವಿಗಳಿಂದ ಆಹಾರ ಕೆಡುತ್ತದೆ ಎಂದು ಲೂಯಿ ಪಾಶ್ಚರ್ ಸಾಧಿಸಿ ತೋರಿಸಿದ್ದು ಅರ್ಧ ಶತಮಾನದ ಅನಂತರ.

ಇದಕ್ಕೆ ಎದುರಾಗಿ ನಿಲ್ಲುವುದು ಖಗೋಳಶಾಸ್ತ್ರ. ಇಲ್ಲಿ ಲೆಕ್ಕ ಮೊದಲು ಬೆಳೆಯಿತು. ಬ್ಯಾಬಿಲೋನಿನ ವೀಕ್ಷಕರು ತಲೆಮಾರುಗಳ ದಾಖಲೆಯಿಂದ, ಗ್ರಹಣಗಳು 18 ವರ್ಷ 11 ದಿನಗಳ ಆವರ್ತದಲ್ಲಿ ಮರುಕಳಿಸುತ್ತವೆ ಎಂಬುದನ್ನು ಗುರುತಿಸಿದ್ದರು. ಕ್ರಿ.ಪೂ. ಮೂರನೆಯ ಶತಮಾನದಲ್ಲಿ ಎರಟೋಸ್ತನೀಸ್, ಈಜಿಪ್ಟಿನ ಸಯೀನ್ ನಗರದಲ್ಲಿ ಸೂರ್ಯ ನೆತ್ತಿಯ ಮೇಲಿರುವ ದಿನ ಅಲೆಕ್ಸಾಂಡ್ರಿಯಾದಲ್ಲಿ ನೆರಳು ವೃತ್ತದ ಐವತ್ತನೆಯ ಒಂದು ಭಾಗದಷ್ಟು ಓರೆಯಾಗುವುದನ್ನು ಗಮನಿಸಿ, ಎರಡೂ ನಗರಗಳ ನಡುವಿನ 5,000 ಸ್ಟೇಡಿಯಾ (ಗ್ರೀಕರ ದೂರದ ಅಳತೆ) ದೂರವನ್ನು ಐವತ್ತರಿಂದ ಗುಣಿಸಿ, ಭೂಮಿಯ ಸುತ್ತಳತೆಯನ್ನು 2,50,000 ಸ್ಟೇಡಿಯಾ ಎಂದು ಲೆಕ್ಕ ಹಾಕಿದ. 499ರಲ್ಲಿ ಆರ್ಯಭಟ ಭೂಮಿ ತನ್ನ ಅಕ್ಷದ ಸುತ್ತ ತಿರುಗುತ್ತದೆ ಎಂದದ್ದೂ, 628ರಲ್ಲಿ ಬ್ರಹ್ಮಗುಪ್ತ ಸೊನ್ನೆಯೊಡನೆ ಲೆಕ್ಕ ಮಾಡುವ ನಿಯಮಗಳನ್ನು ಬರೆದದ್ದೂ ಈ ಪರಂಪರೆಗೇ ಸೇರುತ್ತವೆ. ಆದರೆ ಇಷ್ಟೆಲ್ಲ ಗಣಿತಕ್ಕೂ ಕುಲುಮೆ, ಮಗ್ಗ, ನೇಗಿಲುಗಳಿಗೂ ನಂಟು ಬಹಳ ಕಡಿಮೆ. ಬಲ್ಲವರು ಒಂದು ಕಡೆ, ಮಾಡುವವರು ಒಂದು ಕಡೆ ಎಂಬ ಸ್ಥಿತಿ ಬಹುಕಾಲ ಮುಂದುವರಿಯಿತು.

ಎರಡೂ ಕಡೆಯವರು ಒಂದೇ ವಸ್ತುವಿನ ಮುಂದೆ ಕೂಡಿದ ಸಂದರ್ಭವೆಂದರೆ ಮಸೂರ. ಹನ್ನೊಂದನೆಯ ಶತಮಾನದಲ್ಲೇ ಇಬ್ನ್ ಅಲ್-ಹೈತಮ್ ದೃಷ್ಟಿ ಮತ್ತು ಬೆಳಕಿನ ಬಗ್ಗೆ ಪ್ರಯೋಗಗಳ ಆಧಾರದಿಂದ ಬರೆದಿದ್ದ. ಹದಿಮೂರನೆಯ ಶತಮಾನದ ಕೊನೆಯಲ್ಲಿ ಇಟಲಿಯ ಕುಶಲಿಗಳು ಕನ್ನಡಕ ತಯಾರಿಸತೊಡಗಿದರು. ದೂರದರ್ಶಕ ಬಂದದ್ದು 1608ರಲ್ಲಿ, ಅದೂ ನೆದರ್ಲೆಂಡ್ಸಿನ ಕನ್ನಡಕ ತಯಾರಕರ ಕೈಯಿಂದ. ಮರುವರ್ಷವೇ ಗೆಲಿಲಿಯೊ ಅದನ್ನು ಸುಧಾರಿಸಿ, 1610ರ ಜನವರಿಯಲ್ಲಿ ಗುರುಗ್ರಹದ ಸುತ್ತ ನಾಲ್ಕು ಉಪಗ್ರಹಗಳನ್ನು ಕಂಡ. ಮಸೂರದಲ್ಲಿ ಬೆಳಕು ಬಾಗುವ ನಿಯಮ ಯೂರೋಪಿನಲ್ಲಿ ಸ್ನೆಲ್‌ಗೆ ಸಿಕ್ಕಿದ್ದು 1621ರಲ್ಲಿ. ಉಪಕರಣ ಏಕೆ ಕೆಲಸ ಮಾಡುತ್ತದೆ ಎಂಬುದು ಪೂರ್ತಿ ಬಗೆಹರಿಯುವ ಮೊದಲೇ ಅದು ಆಕಾಶದ ಕಲ್ಪನೆಯನ್ನು ಬದಲಾಯಿಸಿಬಿಟ್ಟಿತ್ತು.

ಈಗ ಉಗಿಯಂತ್ರ. ಇದರ ಬಗ್ಗೆ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ. ಏಕೆಂದರೆ ವಿಜ್ಞಾನ ಮುಂದೋ ತಂತ್ರಜ್ಞಾನ ಮುಂದೋ ಎಂಬ ಪ್ರಶ್ನೆಗೆ ಒಂದೇ ಮಾತಿನ ಉತ್ತರ ಸಾಧ್ಯವಿಲ್ಲವೆಂಬುದು ಇಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣುವುದಿಲ್ಲ. ಮೊದಲ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ಹೀರೋ ಉಗಿಯ ಚಿಮ್ಮುವಿಕೆಯಿಂದ ಗಿರಗಿರನೆ ತಿರುಗುವ ಗೋಳವೊಂದನ್ನು ವರ್ಣಿಸಿದ್ದ. ಗುಲಾಮರ ದುಡಿಮೆ ಅಗ್ಗವಾಗಿದ್ದರಿಂದ ಅದು ಆಟಿಕೆಯಾಗಿಯೇ ಉಳಿಯಿತು ಎಂದು ಅನೇಕ ಟಿಪ್ಪಣಿಗಳಲ್ಲಿ ಬರೆದಿರುತ್ತದೆ. ನನಗೆ ಈ ವಿವರಣೆ ದುರ್ಬಲವೆನಿಸುತ್ತದೆ. ಆ ಗೋಳದಿಂದ ಸಿಗುವ ಬಲ ತೀರ ಅಲ್ಪ, ಮತ್ತು ಹದಿನೆಂಟನೆಯ ಶತಮಾನದ ಯಂತ್ರ ಆ ಗೋಳದ ಸಂತತಿಯೇ ಅಲ್ಲ. ಅದರ ಮೂಲ ಇರುವುದು ಗಣಿಯಲ್ಲಿ ತುಂಬುವ ನೀರನ್ನು ಎತ್ತಿ ಹೊರಹಾಕುವ ಅಗತ್ಯದಲ್ಲಿ.

ಹೀರುವ ಪಂಪು ನೀರನ್ನು ಸುಮಾರು 10 ಮೀಟರಿಗಿಂತ ಮೇಲಕ್ಕೆ ಎತ್ತಲಾರದು ಎಂಬುದು ಪಂಪಿನ ಕೆಲಸಗಾರರಿಗೆ ಅನುಭವದಿಂದ ತಿಳಿದಿತ್ತು. ಕಾರಣವನ್ನು ಹುಡುಕಿದವನು ಗೆಲಿಲಿಯೊನ ಶಿಷ್ಯ ಟೊರಿಚೆಲ್ಲಿ. 1643ರ ಪ್ರಯೋಗದಲ್ಲಿ, ಒಂದು ತುದಿ ಮುಚ್ಚಿದ ಗಾಜಿನ ನಳಿಗೆಯಲ್ಲಿ ಪಾದರಸ ತುಂಬಿ ಪಾದರಸದ ಬಟ್ಟಲಿನಲ್ಲಿ ತಲೆಕೆಳಗಾಗಿ ನಿಲ್ಲಿಸಿದಾಗ, ಅದು ಸುಮಾರು 76 ಸೆಂಟಿಮೀಟರ್ ಎತ್ತರದಲ್ಲಿ ನಿಂತಿತು, ಮೇಲೆ ಖಾಲಿ ಜಾಗ ಉಳಿಯಿತು. ಪಾದರಸ ನೀರಿಗಿಂತ 13.6 ಪಟ್ಟು ತೂಕದ್ದು. 76 ಸೆಂಟಿಮೀಟರನ್ನು 13.6ರಿಂದ ಗುಣಿಸಿದರೆ 10.3 ಮೀಟರ್ ಬರುತ್ತದೆ, ಅಂದರೆ ಪಂಪಿನ ಕೆಲಸಗಾರರು ಕಂಡಿದ್ದ ಮಿತಿಯೇ. ಪಂಪು ನೀರನ್ನು ಎಳೆಯುವುದಿಲ್ಲ, ಹೊರಗಿನ ಗಾಳಿ ಅದನ್ನು ಒಳಗೆ ನೂಕುತ್ತದೆ ಎಂಬುದು ಹೀಗೆ ಖಚಿತವಾಯಿತು. ಗಾಳಿಯ ಆ ಒತ್ತಡದಿಂದ ಕೆಲಸ ತೆಗೆಯಬಹುದಲ್ಲವೇ ಎಂಬ ಯೋಚನೆ ಫ್ರಾನ್ಸಿನ ಡೆನಿ ಪಪಾಂ ಮುಂತಾದವರಿಗೆ ಬಂದದ್ದು ಈ ತಿಳಿವಿನ ಬೆನ್ನಲ್ಲೇ.

ಕಬ್ಬಿಣದ ಸಾಮಾನಿನ ವ್ಯಾಪಾರಿ ಥಾಮಸ್ ನ್ಯೂಕೊಮೆನ್ 1712ರಲ್ಲಿ ಇಂಗ್ಲೆಂಡಿನ ಡಡ್ಲಿ ಬಳಿ ನಿಲ್ಲಿಸಿದ ಯಂತ್ರದಲ್ಲಿ ಪಿಸ್ಟನ್ನನ್ನು ಒತ್ತುತ್ತಿದ್ದದ್ದು ಉಗಿಯಲ್ಲ, ಗಾಳಿ. ಸಿಲಿಂಡರಿನೊಳಗೆ ಉಗಿ ತುಂಬಿದ ಮೇಲೆ ತಣ್ಣೀರು ಚಿಮ್ಮಿಸಿದರೆ ಉಗಿ ನೀರಾಗಿ ಒಳಗೆ ನಿರ್ವಾತ ಉಂಟಾಗುತ್ತದೆ. ಆಗ ಹೊರಗಿನ ಗಾಳಿ ಪಿಸ್ಟನ್ನನ್ನು ಕೆಳಕ್ಕೆ ಒತ್ತುತ್ತದೆ, ತೊಲೆಯ ಇನ್ನೊಂದು ತುದಿಯಲ್ಲಿರುವ ಪಂಪಿನ ಸರಳು ಮೇಲೇಳುತ್ತದೆ. ನಿಮಿಷಕ್ಕೆ ಹನ್ನೆರಡು ಬಾರಿ, ಪ್ರತಿ ಬಾರಿ ಸುಮಾರು 45 ಲೀಟರ್ ನೀರನ್ನು ಅದು ಎತ್ತುತ್ತಿತ್ತು. ದೋಷವೆಂದರೆ, ಒಂದೇ ಸಿಲಿಂಡರ್ ಪ್ರತಿ ಸಲವೂ ಕಾದು ಮತ್ತೆ ತಣ್ಣಗಾಗಬೇಕು. ಸುಟ್ಟ ಕಲ್ಲಿದ್ದಲಿನ ಶಕ್ತಿಯಲ್ಲಿ ಬಹಳಷ್ಟು ಸಿಲಿಂಡರನ್ನು ಮತ್ತೆ ಕಾಯಿಸುವುದರಲ್ಲೇ ಕಳೆದುಹೋಗುತ್ತಿತ್ತು. ಕಲ್ಲಿದ್ದಲು ಗಣಿಯ ಬಾಯಲ್ಲೇ ಯಂತ್ರ ಇದ್ದುದರಿಂದ ಅದು ಯಾರಿಗೂ ದೊಡ್ಡ ತೊಂದರೆ ಎನಿಸಲಿಲ್ಲ.

1763ರ ಚಳಿಗಾಲದಲ್ಲಿ ಗ್ಲಾಸ್ಗೊ ವಿಶ್ವವಿದ್ಯಾಲಯದ ಉಪಕರಣ ತಯಾರಕ ಜೇಮ್ಸ್ ವಾಟ್ ಈ ಯಂತ್ರದ ಚಿಕ್ಕ ಮಾದರಿಯೊಂದನ್ನು ರಿಪೇರಿಗೆ ತೆಗೆದುಕೊಂಡ. ಕೆಲವೇ ಏಟುಗಳಲ್ಲಿ ಬಾಯ್ಲರಿನ ಉಗಿ ಮುಗಿದುಹೋಗುತ್ತಿತ್ತು. ಉಗಿ ಎಲ್ಲಿ ವ್ಯರ್ಥವಾಗುತ್ತಿದೆ ಎಂದು ಅವನು ಅಳೆದು ನೋಡಿದ. ಸಿಲಿಂಡರನ್ನು ಸದಾ ಬಿಸಿಯಾಗಿಟ್ಟು, ಉಗಿಯನ್ನು ಪಕ್ಕದ ಬೇರೆ ಕೋಣೆಯಲ್ಲಿ ತಣಿಸಬೇಕು ಎಂಬ ಉಪಾಯ 1765ರಲ್ಲಿ ಹೊಳೆಯಿತು. ಅದೇ ವಿಶ್ವವಿದ್ಯಾಲಯದ ಜೋಸೆಫ್ ಬ್ಲ್ಯಾಕ್ ಗುಪ್ತೋಷ್ಣವನ್ನು, ಅಂದರೆ ನೀರು ಉಗಿಯಾಗುವಾಗ ಬಿಸಿ ಏರದೆಯೇ ಹೀರಿಕೊಳ್ಳುವ ಶಾಖವನ್ನು, ಕಂಡುಹಿಡಿದಿದ್ದನಷ್ಟೆ. ಆದ್ದರಿಂದ ವಾಟ್ ಬ್ಲ್ಯಾಕ್‌ನ ಸಿದ್ಧಾಂತವನ್ನು ಯಂತ್ರಕ್ಕೆ ಅನ್ವಯಿಸಿದ ಎಂದು ಬರೆಯುವ ರೂಢಿಯಿದೆ. ವಾಟ್ ಸ್ವತಃ ಇದನ್ನು ಒಪ್ಪಿರಲಿಲ್ಲ. ಪರೀಕ್ಷೆಯ ಉತ್ತರದಲ್ಲಿ ಈ ಎಳೆಯನ್ನು ಎಚ್ಚರದಿಂದ ಬರೆಯುವುದು ಒಳ್ಳೆಯದು.

ಉಪಾಯ ಹೊಳೆದು ಹನ್ನೊಂದು ವರ್ಷಗಳಾದ ಮೇಲೆ, 1776ರಲ್ಲಿ, ವಾಟ್‌ನ ಯಂತ್ರ ಗಿರಾಕಿಗಳ ಬಳಿ ಕೆಲಸಕ್ಕೆ ನಿಂತಿತು. ಹಣದ ಮುಗ್ಗಟ್ಟು ಒಂದು ಕಾರಣವಾದರೆ ಮತ್ತೊಂದು ತೀರ ಸ್ಥೂಲವಾದದ್ದು: ಉಗಿ ಸೋರದಷ್ಟು ನಯವಾಗಿ, ದುಂಡಾಗಿ ಸಿಲಿಂಡರನ್ನು ಕೊರೆಯಬಲ್ಲವರು ಇರಲಿಲ್ಲ. ಫಿರಂಗಿಯ ನಳಿಗೆ ಕೊರೆಯಲು ಜಾನ್ ವಿಲ್ಕಿನ್ಸನ್ 1774ರಲ್ಲಿ ಹೊಸ ವಿಧಾನ ರೂಪಿಸಿದ ಬಳಿಕವೇ ಆ ತೊಡಕು ಬಿಡಿಸಿಕೊಂಡಿತು. ಚರಿತ್ರೆ ಬರೆಯುವವರು ವಾಟ್‌ಗೆ ಪುಟಗಟ್ಟಲೆ ಜಾಗ ಕೊಟ್ಟು ವಿಲ್ಕಿನ್ಸನ್‌ಗೆ ಒಂದು ಸಾಲು ಕೊಡುವುದು ನ್ಯಾಯವೆಂದು ನನಗೆ ತೋರುವುದಿಲ್ಲ. ವಾಟ್ ಮತ್ತು ಅವನ ವ್ಯಾಪಾರದ ಪಾಲುದಾರ ಬೌಲ್ಟನ್ ಗಿರಾಕಿಗಳಿಂದ ಪಡೆಯುತ್ತಿದ್ದ ಹಣದ ಲೆಕ್ಕವೂ ಸ್ವಾರಸ್ಯಕರ: ಹಳೆಯ ಯಂತ್ರಕ್ಕೆ ಹೋಲಿಸಿದರೆ ಉಳಿತಾಯವಾಗುವ ಕಲ್ಲಿದ್ದಲಿನ ಬೆಲೆಯಲ್ಲಿ ಮೂರನೆಯ ಒಂದು ಪಾಲು.

ಇಂಧನದಿಂದ ಎಷ್ಟು ಕೆಲಸ ತೆಗೆಯಬಹುದು, ಅದಕ್ಕೆ ಮೇಲ್ಮಿತಿ ಇದೆಯೇ ಎಂಬ ಪ್ರಶ್ನೆಯನ್ನು ಸಾದಿ ಕಾರ್ನೊ ಎಂಬ ತರುಣ ಫ್ರೆಂಚ್ ಎಂಜಿನಿಯರ್ ಎತ್ತಿದ್ದು 1824ರಲ್ಲಿ, ನ್ಯೂಕೊಮೆನ್‌ನ ಯಂತ್ರ ಓಡತೊಡಗಿ 112 ವರ್ಷಗಳಾದ ಮೇಲೆ. ಶಾಖವೆಂಬುದು ಹರಿಯುವ ಒಂದು ದ್ರವ್ಯ ಎಂಬ ತಪ್ಪು ನಂಬಿಕೆಯನ್ನು ಇಟ್ಟುಕೊಂಡೇ ಅವನು, ಯಂತ್ರದ ದಕ್ಷತೆಯ ಗರಿಷ್ಠ ಮಿತಿ ಬಿಸಿ ಮತ್ತು ತಂಪು ಭಾಗಗಳ ಉಷ್ಣತೆಗಳನ್ನು ಮಾತ್ರ ಅವಲಂಬಿಸಿದೆ ಎಂಬ ಸರಿಯಾದ ನಿರ್ಣಯಕ್ಕೆ ಬಂದ. 1840ರ ದಶಕದ ಜೂಲ್‌ನ ಅಳತೆಗಳೂ, 1850ರಿಂದ ಮುಂದೆ ಕ್ಲೌಸಿಯಸ್ ಮತ್ತು ವಿಲಿಯಂ ಥಾಮ್ಸನ್‌ರ ಬರಹಗಳೂ ಕೂಡಿ, ಶಾಖ ಮತ್ತು ಕೆಲಸದ ಸಂಬಂಧವನ್ನು ತಿಳಿಸುವ ಉಷ್ಣಗತಿಶಾಸ್ತ್ರವನ್ನು ಕಟ್ಟಿದವು. ಒಟ್ಟಿನಲ್ಲಿ, ಗಾಳಿಯ ಒತ್ತಡದ ವಿಜ್ಞಾನ ಉಗಿಯಂತ್ರಕ್ಕೆ ಜನ್ಮ ಕೊಟ್ಟಿತು, ಉಗಿಯಂತ್ರ ಶಾಖದ ವಿಜ್ಞಾನಕ್ಕೆ ಜನ್ಮ ಕೊಟ್ಟಿತು.

ವಿದ್ಯುತ್ತಿನ ವಿಷಯದಲ್ಲಿ ಕ್ರಮ ತಿರುಗುಮುರುಗಾಯಿತು. 1800ರಲ್ಲಿ ವೋಲ್ಟಾ ವಿದ್ಯುತ್ಕೋಶವನ್ನು ಪ್ರಕಟಿಸಿದ. 1820ರಲ್ಲಿ ಅರ್ಸ್ಟೆಡ್, ತಂತಿಯಲ್ಲಿ ವಿದ್ಯುತ್ ಹರಿದಾಗ ಪಕ್ಕದ ದಿಕ್ಸೂಚಿಯ ಸೂಜಿ ಓಲುವುದನ್ನು ಕಂಡ. 1831ರಲ್ಲಿ ಫ್ಯಾರಡೆ ಕಾಂತದ ಚಲನೆಯಿಂದ ವಿದ್ಯುತ್ ಹುಟ್ಟಿಸಿದ. ಇವೆಲ್ಲ ಪ್ರಯೋಗಾಲಯದ ಸಂಗತಿಗಳು, ಯಾವ ಕಮ್ಮಟದಲ್ಲೂ ಇವುಗಳ ಪೂರ್ವರೂಪ ಇರಲಿಲ್ಲ. ರೇಡಿಯೊ ಅಲೆಗಳಂತೂ ಮೊದಲು ಇದ್ದದ್ದು ಸಮೀಕರಣಗಳಲ್ಲಿ: 1865ರಲ್ಲಿ ಪ್ರಕಟವಾದ ಮ್ಯಾಕ್ಸ್‌ವೆಲ್‌ನ ಸಿದ್ಧಾಂತ ವಿದ್ಯುತ್ಕಾಂತೀಯ ಅಲೆಗಳನ್ನು ಸೂಚಿಸಿತು, ಹರ್ಟ್ಸ್ ಅವುಗಳನ್ನು 1880ರ ದಶಕದ ಕೊನೆಯಲ್ಲಿ ಹುಟ್ಟಿಸಿ ಪತ್ತೆಹಚ್ಚಿದ, 1901ರಲ್ಲಿ ಮಾರ್ಕೊನಿ ಅಟ್ಲಾಂಟಿಕ್ ಸಾಗರದಾಚೆಗೆ ಸಂಕೇತ ಕಳಿಸಿದ. ಕಣ್ಣಿಗೆ ಕಾಣದ, ಕೈಗೆ ಸಿಗದ ಇಂಥ ಅಲೆಯನ್ನು ಯಾವ ಕುಶಲಿಯೂ ಆಕಸ್ಮಿಕವಾಗಿ ಎಡವಿ ಕಂಡುಕೊಳ್ಳುವಂತಿರಲಿಲ್ಲ. ಇದೇ ಅವಧಿಯಲ್ಲಿ ರಾಸಾಯನಿಕ ಬಣ್ಣಗಳ ಉದ್ಯಮವೂ ತನ್ನದೇ ಸಂಶೋಧನಾಲಯಗಳನ್ನು ಕಟ್ಟಿಕೊಂಡಿತು. 1947ರ ಡಿಸೆಂಬರಿನಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಟ್ರಾನ್ಸಿಸ್ಟರ್ ರೂಪುಗೊಂಡಾಗ, ಅದನ್ನು ಮಾಡಿದವರು ಅರೆವಾಹಕಗಳಲ್ಲಿ ಎಲೆಕ್ಟ್ರಾನುಗಳ ನಡವಳಿಕೆಯನ್ನು ಕ್ವಾಂಟಂ ಸಿದ್ಧಾಂತದ ಮೂಲಕ ಅರಿತಿದ್ದ ಭೌತವಿಜ್ಞಾನಿಗಳು.

ಹಾಗಾದರೆ ಹತ್ತೊಂಬತ್ತನೆಯ ಶತಮಾನದಿಂದೀಚೆಗೆ ತತ್ವವೇ ಮುಂದೆ, ತಂತ್ರ ಹಿಂದೆ ಎಂದು ಬರೆದು ಮುಗಿಸಬಹುದೇ? ಹಾಗೆ ಬರೆದರೆ ಅತಿವಾಹಕತೆಯ ಚರಿತ್ರೆ ಅಡ್ಡಬರುತ್ತದೆ. ತೀರ ತಂಪಾದ ಪಾದರಸದಲ್ಲಿ ವಿದ್ಯುತ್ ರೋಧ ಇಲ್ಲವಾಗುವುದನ್ನು ಕಾಮರ್ಲಿಂಗ್ ಓನೆಸ್ 1911ರಲ್ಲಿ ಕಂಡ. ತೃಪ್ತಿಕರ ಸಿದ್ಧಾಂತ ದೊರೆತದ್ದು 1957ರಲ್ಲಿ. 1986ರಲ್ಲಿ ಬೆಡ್‌ನೋರ್ಜ್ ಮತ್ತು ಮ್ಯುಲರ್ ತಾಮ್ರದ ಆಕ್ಸೈಡುಗಳ ಹೊಸದೊಂದು ಬಗೆಯ ಅತಿವಾಹಕವನ್ನು ಪತ್ತೆಹಚ್ಚಿದಾಗ ಆ ಸಿದ್ಧಾಂತ ಸಾಲದೆಹೋಯಿತು. ಮರುವರ್ಷ ಅದೇ ಜಾತಿಯ ಇನ್ನೊಂದು ಸಂಯುಕ್ತ ಸುಮಾರು 93 ಕೆಲ್ವಿನ್‌ನಲ್ಲೇ (ಸುಮಾರು ಮೈನಸ್ 180 ಡಿಗ್ರಿ ಸೆಲ್ಸಿಯಸ್), ಅಂದರೆ ದ್ರವ ನೈಟ್ರೋಜನ್ ಕುದಿಯುವ 77 ಕೆಲ್ವಿನ್‌ಗಿಂತ ಮೇಲೆಯೇ, ಅತಿವಾಹಕವಾಯಿತು. ಈ ವಸ್ತುಗಳು ಹೀಗೇಕೆ ವರ್ತಿಸುತ್ತವೆ ಎಂಬುದಕ್ಕೆ ಎಲ್ಲ ಭೌತವಿಜ್ಞಾನಿಗಳೂ ಒಪ್ಪುವ ವಿವರಣೆ ಇನ್ನೂ ಸಿದ್ಧವಾಗಿಲ್ಲ. ಅವುಗಳಿಂದ ಮಾಡಿದ ವಿದ್ಯುತ್ ಕೇಬಲುಗಳನ್ನು ಮಾತ್ರ ಎಂಜಿನಿಯರುಗಳು ಆಗಲೇ ನೆಲದಡಿ ಹೂಳಿ ಬಳಸುತ್ತಿದ್ದಾರೆ.