ಪಾಠ ಮಾಡುವ ಪ್ರೊಫೆಸರ್‌ಗೆ ಸಂಶೋಧನೆ ಮಾಡೋಕೆ ಸಮಯ ಎಲ್ಲಿರುತ್ತದೆ?

ಓದುಗರ ಪ್ರಶ್ನೆ: ಸೂಕ್ಷ್ಮಜೀವಿಗಳ ಬಗ್ಗೆ ಸಂಶೋಧನೆ ಮಾಡುವ ಪ್ರೊಫೆಸರ್‌ಗಳು ಡಿಗ್ರಿಯ ಮೊದಲ ವರ್ಷದವರಿಗೆಲ್ಲ ಯಾಕೆ ಪಾಠ ಮಾಡಬೇಕು? ಆ ಸಮಯವನ್ನೂ ಲ್ಯಾಬ್‌ಗೇ ಕೊಟ್ಟರೆ ಜಾಸ್ತಿ ಕೆಲಸ ಆಗಲ್ವಾ?

ಗಂಟೆಗಳ ಲೆಕ್ಕ ಹಾಕಿದರೆ ನೀವು ಹೇಳುವುದು ಸರಿ. ಪಾಠದ ತಯಾರಿ, ಪ್ರಾಕ್ಟಿಕಲ್, ಉತ್ತರಪತ್ರಿಕೆ ತಿದ್ದುವುದು, ಇಷ್ಟರಲ್ಲೇ ದಿನ ಮುಗಿದುಹೋಗುತ್ತದೆ. ಆದರೆ ಈ ವಿಷಯದಲ್ಲಿ ಒಬ್ಬಿಬ್ಬರ ಕೈಯಲ್ಲಿ ಆಗದ ಕೆಲಸಗಳಿವೆ. ಅವಕ್ಕೆ ಒಂದು ಇಡೀ ತರಗತಿಯೇ ಬೇಕು. ಫೇಜ್ ಹುಡುಕುವುದು ಅಂಥ ಕೆಲಸ.

ಫೇಜ್ ಅಂದರೆ ಬ್ಯಾಕ್ಟೀರಿಯಾಕ್ಕೆ ಮಾತ್ರ ತಗಲುವ ವೈರಸ್. ಮಣ್ಣಲ್ಲಿ, ನೀರಲ್ಲಿ, ಕೊಳೆತ ಎಲೆಯಲ್ಲಿ ಎಲ್ಲಾ ಕಡೆ ಇರುತ್ತದೆ. ಆದರೆ ಒಂದೊಂದು ಫೇಜ್ ಕೆಲವೇ ಬಗೆಯ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ಹಾಗಾಗಿ ಬೇರೆ ಬೇರೆ ಕಡೆಯಿಂದ ತಂದು, ಒಂದೊಂದನ್ನೂ ಬೇರ್ಪಡಿಸಿ ನೋಡಬೇಕು.

ವಿಧಾನ ಮೊದಲ ವರ್ಷದವರೂ ಮಾಡುವಷ್ಟು ಸರಳ. ಮಣ್ಣನ್ನು ದ್ರವದಲ್ಲಿ ಕದಡಿ, ಬ್ಯಾಕ್ಟೀರಿಯಾ ಕೂಡ ದಾಟದಷ್ಟು ಸಣ್ಣ ರಂಧ್ರದ ಫಿಲ್ಟರ್‌ನಲ್ಲಿ ಸೋಸುತ್ತಾರೆ. ಫೇಜ್ ಅದಕ್ಕಿಂತ ಚಿಕ್ಕದು, ಕೆಳಗಿಳಿಯುತ್ತದೆ. ಅದನ್ನು ಬ್ಯಾಕ್ಟೀರಿಯಾ ಮತ್ತು ಬಿಸಿ ಅಗರ್ (ಆರಿದ ಮೇಲೆ ಜೆಲ್ಲಿಯಂತೆ ಗಟ್ಟಿಯಾಗುವ ವಸ್ತು) ಜೊತೆ ಬೆರೆಸಿ ಪೆಟ್ರಿ ತಟ್ಟೆಗೆ ಸುರಿಯುತ್ತಾರೆ. ಒಂದೆರಡು ದಿನದಲ್ಲಿ ತಟ್ಟೆಯ ತುಂಬ ಬ್ಯಾಕ್ಟೀರಿಯಾದ ಮಸುಕು ಪದರ ಬೆಳೆಯುತ್ತದೆ. ನಡುವೆ ತಿಳಿಯಾದ ಚುಕ್ಕೆ ಕಂಡರೆ ಅಲ್ಲಿ ಫೇಜ್ ಇರಬಹುದು. ಸುಮ್ನೆ ಗಾಳಿಗುಳ್ಳೆಯೂ ಇರಬಹುದು! ಪ್ರೊಫೆಸರ್ ಇದಕ್ಕೆ ಉತ್ತರ ಹೇಳಿಬಿಡಬಾರದು ಅನ್ನುವುದು ನನ್ನ ಅಭಿಪ್ರಾಯ. ಆ ಚುಕ್ಕೆಯನ್ನು ಮುಟ್ಟಿ ಇನ್ನೊಂದು ತಟ್ಟೆಗೆ ಹಾಕಿಸಬೇಕು. ಗುಳ್ಳೆಯಾಗಿದ್ದರೆ ಮತ್ತೆ ಬರುವುದಿಲ್ಲ. ಪುರಾವೆ ಅಂದರೆ ಏನು ಅಂತ ಆಗ ಕೈಗೇ ಗೊತ್ತಾಗುತ್ತದೆ.

ತರಗತಿಗೆ ಸಾಮಾನ್ಯವಾಗಿ ಮೈಕೋಬ್ಯಾಕ್ಟೀರಿಯಂ ಸ್ಮೆಗ್ಮಾಟಿಸ್ ಕೊಡುತ್ತಾರೆ. ಕ್ಷಯದ ಬ್ಯಾಕ್ಟೀರಿಯಾಕ್ಕೆ ಸಂಬಂಧಿ, ಆದರೆ ಅಷ್ಟು ಅಪಾಯದ್ದಲ್ಲ. ಕ್ಷಯದ್ದು ತಟ್ಟೆಯಲ್ಲಿ ಬೆಳೆಯಲು ವಾರಗಟ್ಟಲೆ ಹಿಡಿಯುತ್ತದೆ.

ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಪ್ರೊಫೆಸರ್ ಗ್ರಹಾಂ ಹ್ಯಾಟ್‌ಫುಲ್ ಇಂಥ ಪಾಠವನ್ನೇ ತಮ್ಮ ಸಂಶೋಧನೆಯ ಆಧಾರ ಮಾಡಿಕೊಂಡರು. 2008ರಿಂದ ಅದು ಬೇರೆ ಕಾಲೇಜುಗಳಿಗೂ ಹಬ್ಬಿತು. ವಿದ್ಯಾರ್ಥಿಗಳು ಹುಡುಕಿದ ಸಾವಿರಾರು ಫೇಜ್‌ಗಳು ಅವರ ಫ್ರೀಜರ್ ಸೇರಿದವು. ಅದರಲ್ಲಿ ‘ಮಡ್ಡಿ’ ಅನ್ನುವ ಒಂದನ್ನು 2010ರಲ್ಲಿ ದಕ್ಷಿಣ ಆಫ್ರಿಕಾದ ಒಬ್ಬ ವಿದ್ಯಾರ್ಥಿನಿ ಕೊಳೆತ ಬದನೆಕಾಯಿಯ ಅಡಿಯಿಂದ ತೆಗೆದಿದ್ದಳು.

ಎಂಟು ವರ್ಷ ಕಳೆಯಿತು. ಲಂಡನ್‌ನಲ್ಲಿ 15 ವರ್ಷದ ಹುಡುಗಿಯೊಬ್ಬಳಿಗೆ ಶ್ವಾಸಕೋಶ ಕಸಿಯಾದ ಮೇಲೆ ಸ್ಮೆಗ್ಮಾಟಿಸ್‌ನ ಇನ್ನೊಂದು ಸಂಬಂಧಿ ಮೈಕೋಬ್ಯಾಕ್ಟೀರಿಯಂ ಆಬ್ಸೆಸಸ್‌ನ ಸೋಂಕು ಹರಡಿತ್ತು. ಆಂಟಿಬಯಾಟಿಕ್‌ಗಳು ಸೋತಿದ್ದವು. ಆ ಫ್ರೀಜರ್‌ನಲ್ಲಿ ಹುಡುಕಿದಾಗ ಅವಳ ಬ್ಯಾಕ್ಟೀರಿಯಾವನ್ನು ಚೆನ್ನಾಗಿ ಕೊಂದದ್ದು ಮಡ್ಡಿ. ಇನ್ನೆರಡು ಫೇಜ್‌ಗಳು ಬ್ಯಾಕ್ಟೀರಿಯಾದ ಒಳಗೆ ಸುಮ್ಮನೆ ಅಡಗಿ ಕೂರುವ ಜಾತಿಯವು. ಹಾಗೆ ಕೂರಿಸುವ ಜೀನನ್ನು ತೆಗೆದುಹಾಕಿ ಅವನ್ನೂ ಸೇರಿಸಿದರು. ಸೋಂಕು ಪೂರ್ತಿ ಹೋಗಲಿಲ್ಲ. ಆದರೆ ಗಾಯಗಳು ಮಾಯತೊಡಗಿದವು, ಹುಡುಗಿ ಚೇತರಿಸಿಕೊಂಡಳು. ಈ ವರದಿ 2019ರಲ್ಲಿ ಪ್ರಕಟವಾಯಿತು. ಬದನೆಕಾಯಿಯ ಆ ತಟ್ಟೆ ನೋಡಿದಾಗ ಇದು ಯಾರಿಗೆ ಗೊತ್ತಿತ್ತು ಹೇಳಿ!

ಆಬ್ಸೆಸಸ್‌ನಲ್ಲೇ ತಟ್ಟೆಯ ಮೇಲೆ ನಯವಾದ ಕಾಲನಿ (ಬ್ಯಾಕ್ಟೀರಿಯಾದ ಗುಂಪು) ಕಟ್ಟುವ ತಳಿಗಳೂ ಇವೆ. ಅವನ್ನು ಕೊಲ್ಲುವ ಫೇಜ್ ಸಿಗುವುದು ಬಹಳ ಕಷ್ಟ. ಅದಕ್ಕೇ ಮಣ್ಣಿನ ಪೊಟ್ಟಣ ಹಿಡಿದು ಲ್ಯಾಬ್‌ಗೆ ಬರುವ ಮೊದಲ ವರ್ಷದವರು ಈಗಲೂ ಬೇಕು.