‘ಮರಳಿದ’ ಎಂಬ ಅಡ್ಡಹೆಸರು

ಟೆನಿಸ್ ನೋಡುವ ಅಭ್ಯಾಸ ಇಲ್ಲದವರ ಕಿವಿಗೂ ಮಾರ್ಟಿನಾ ನವ್ರಾಟಿಲೋವಾ ಎಂಬ ಹೆಸರು ಒಮ್ಮೆಯಾದರೂ ಬಿದ್ದಿರುತ್ತದೆ. ವಿಂಬಲ್ಡನ್ ಸಿಂಗಲ್ಸ್ ಪ್ರಶಸ್ತಿಯನ್ನು ಒಂಬತ್ತು ಸಲ ಗೆದ್ದವರು ಅವರು. 2003ರಲ್ಲಿ ನಮ್ಮ ಲಿಯಾಂಡರ್ ಪೇಸ್ ಜೊತೆಗೂಡಿ ಆಸ್ಟ್ರೇಲಿಯನ್ ಓಪನ್ ಮತ್ತು ವಿಂಬಲ್ಡನ್ ಎರಡರಲ್ಲೂ ಮಿಶ್ರ ಡಬಲ್ಸ್ ಗೆದ್ದರು. ಆ ಹೆಸರು ಎಷ್ಟೋ ವರ್ಷ ನನಗೆ ಬರಿಯ ನಾದವಾಗಿತ್ತು. ಅದರ ಹೊಟ್ಟೆಯೊಳಗೆ ಒಂದು ಕ್ರಿಯಾಪದ, ಅದೂ ಭೂತಕಾಲದ ಕ್ರಿಯಾಪದ, ಅಡಗಿ ಕುಳಿತಿದೆ ಎಂದು ತಿಳಿದಾಗ ಆದ ಸಂತೋಷ ಇನ್ನೂ ಆರಿಲ್ಲ.

ಹೆಸರಿನ ಮೂಲರೂಪ ನವ್ರಾತಿಲ್. ಚೆಕ್ ಭಾಷೆಯಲ್ಲಿ ಒತ್ತು ಯಾವಾಗಲೂ ಮೊದಲ ಅಕ್ಷರದ ಮೇಲೆ ಬೀಳುತ್ತದೆ, ಆದರೆ ದೀರ್ಘವಾಗಿರುವುದು ಎರಡನೆಯ ಸ್ವರ. ‘ತಿ’ ಎಂದು ನಾನು ಬರೆದಿರುವ ಅಕ್ಷರ ನಮ್ಮ ‘ತಿ’ಗೂ ‘ಚಿ’ಗೂ ನಡುವೆ ಎಲ್ಲೋ ನಿಲ್ಲುತ್ತದೆ, ಪತ್ರಿಕೆಗಳು ಬರೆಯುವ ‘ಟಿ’ ಇಂಗ್ಲಿಷಿನ ದಾರಿ ಹಿಡಿದು ಬಂದದ್ದು. ಅರ್ಥ ಇಷ್ಟೇ: ಮರಳಿದ.

ಕನ್ನಡಿಗರಿಗೆ ಇದನ್ನು ವಿವರಿಸುವುದು ಬಹಳ ಸುಲಭ. ‘ಮರಳಿದ’ ಎಂಬ ನಮ್ಮ ಮಾತನ್ನೇ ನೋಡಿ. ‘ಅವನು ಊರಿಗೆ ಮರಳಿದ’ ಎಂದಾಗ ಅದು ಪೂರ್ಣ ಕ್ರಿಯಾಪದ, ‘ಊರಿಗೆ ಮರಳಿದ ಮನುಷ್ಯ’ ಎಂದಾಗ ಅದೇ ರೂಪ ಕೃದಂತ. ಚೆಕ್ ಸೇರಿರುವ ಸ್ಲಾವ್ ಕುಟುಂಬದ ಭಾಷೆಗಳಲ್ಲಿ ‘ಲ್’ ಎಂದು ಮುಗಿಯುವ ಭೂತಕಾಲದ ರೂಪವೂ ಮೂಲದಲ್ಲಿ ಕೃದಂತವೇ. ಹಳೆಯ ಚೆಕ್‌ನಲ್ಲಿ ಅದರ ಜೊತೆಗೆ ‘ಇದ್ದಾನೆ’ ಎಂಬ ಸಹಾಯಕ ಕ್ರಿಯಾಪದ ಬರುತ್ತಿತ್ತು. ‘ಮರಳಿದವನಾಗಿ ಇದ್ದಾನೆ’ ಎಂಬಂಥ ಕಟ್ಟು. ಕಾಲ ಸರಿದಂತೆ ಪ್ರಥಮ ಪುರುಷದಲ್ಲಿ ಸಹಾಯಕ ಪದ ಉದುರಿಹೋಗಿ ಕೃದಂತವೊಂದೇ ಕ್ರಿಯಾಪದದ ಕೆಲಸವನ್ನೆಲ್ಲ ಹೊತ್ತಿತು. ಒಬ್ಬ ಮನುಷ್ಯನಿಗೆ ಗುರುತಾಗಿ ಅಂಟಿಕೊಳ್ಳಲು ಅದಕ್ಕಿಂತ ಅನುಕೂಲವಾದ ರೂಪ ಇನ್ನೊಂದಿಲ್ಲ.

ಇದರಲ್ಲಿ ಒಂದು ಸೂಕ್ಷ್ಮವಿದೆ. ಚೆಕ್‌ನಲ್ಲಿ ‘ಮರಳು’ ಎನ್ನಬೇಕಾದರೆ ಕ್ರಿಯಾಪದದ ಜೊತೆಗೆ ‘ಸೆ’ ಎಂಬ ಪುಟ್ಟ ಪದ ಬೇಕು, ‘ತನ್ನನ್ನು’ ಎಂಬ ಅರ್ಥದ್ದು. ಅದಿಲ್ಲದಿದ್ದರೆ ಕ್ರಿಯಾಪದ ‘ಮರಳಿಸು’ ಎಂದಾಗುತ್ತದೆ. ಅಡ್ಡಹೆಸರಾಗುವಾಗ ಈ ‘ಸೆ’ ಬಿದ್ದುಹೋಗಿದೆ. ಹಾಗಾಗಿ ಬರೀ ವ್ಯಾಕರಣದ ಕಣ್ಣಿನಿಂದ ನೋಡಿದರೆ ನವ್ರಾತಿಲ್ ಎಂದರೆ ಮರಳಿದವನೂ ಆದಾನು, ಏನನ್ನೋ ಮರಳಿಸಿದವನೂ ಆದಾನು. ವಾಡಿಕೆಯ ಅರ್ಥ ಮಾತ್ರ ಮೊದಲನೆಯದೇ.

ಎಲ್ಲಿಗೆ ಮರಳಿದ, ಎಲ್ಲಿಂದ? ಹೆಸರು ಅದನ್ನು ಹೇಳುವುದಿಲ್ಲ, ಆದರೆ ಆ ನಾಡಿನ ಚರಿತ್ರೆ ಕಾರಣಗಳ ರಾಶಿಯನ್ನೇ ಮುಂದಿಡುತ್ತದೆ. ಹದಿನೈದನೆಯ ಶತಮಾನದ ಕೊನೆಯಿಂದ ಅದರ ಪಶ್ಚಿಮ ಭಾಗವಾದ ಬೊಹೀಮಿಯಾ ಮತ್ತು ಪೂರ್ವ ಭಾಗವಾದ ಮೊರಾವಿಯಾದ ರೈತರು ಒಡೆಯನ ಅನುಮತಿಯಿಲ್ಲದೆ ಜಮೀನು ಬಿಟ್ಟು ಹೋಗುವಂತಿರಲಿಲ್ಲ. ಓಡಿಹೋದವನನ್ನು ಹಿಡಿದು ತರಿಸುವ ಹಕ್ಕು ಒಡೆಯನಿಗಿತ್ತು. ಆಮೇಲೆ ಬಂತು 1618ರಿಂದ 1648ರವರೆಗಿನ ಮೂವತ್ತು ವರ್ಷಗಳ ಯುದ್ಧ. ಸೈನ್ಯ, ಹಸಿವು, ಪ್ಲೇಗು, ವಲಸೆ ಎಲ್ಲ ಸೇರಿ ಆ ಪ್ರದೇಶದ ಜನಸಂಖ್ಯೆ ಸುಮಾರು ಮೂರನೇ ಒಂದು ಭಾಗದಷ್ಟು ಕರಗಿತು. ಯುದ್ಧ ಮುಗಿದ ಮೇಲೆ ತೆರಿಗೆ ಲೆಕ್ಕಕ್ಕಾಗಿ ಬೊಹೀಮಿಯಾದಲ್ಲಿ 1654ರಲ್ಲಿ, ಮೊರಾವಿಯಾದಲ್ಲಿ ಅದರ ಮುಂದಿನ ವರ್ಷಗಳಲ್ಲಿ ಊರೂರಿನ ಹಿಡುವಳಿಗಳ ಪಟ್ಟಿ ಮಾಡಿದರು. ಯಾವ ಮನೆ ಪಾಳುಬಿದ್ದಿದೆ, ಯಾವುದರಲ್ಲಿ ಹೊಸಬ ಬಂದು ಕೂತಿದ್ದಾನೆ ಎಂದು ಸಾಲುಸಾಲಾಗಿ ದಾಖಲಿಸಿದ ಪಟ್ಟಿಗಳವು. ಕಾಡಿಗೆ ಓಡಿದವನು, ಸೈನ್ಯಕ್ಕೆ ಸೇರಿದವನು, ಪಕ್ಕದ ಸೀಮೆಯಲ್ಲಿ ಕೂಲಿ ಮಾಡಿ ಬದುಕಿದವನು ಹತ್ತು ವರ್ಷದ ಮೇಲೆ ಅಂಗಳದಲ್ಲಿ ಬಂದು ನಿಂತರೆ ನೆರೆಯವರು ಅವನನ್ನು ಬೇರೆ ಏನೆಂದು ಕರೆದಾರು? ಹೆಸರು ಈ ಯುದ್ಧಕ್ಕೇ ಹುಟ್ಟಿದ್ದು ಎಂದು ನಾನು ಹೇಳುತ್ತಿಲ್ಲ. ಇಂಥ ಹೆಸರು ಹುಟ್ಟುವ ಸಂದರ್ಭ ಆ ನಾಡಿಗೆ ತಲೆಮಾರು ತಲೆಮಾರಿಗೂ ಒದಗುತ್ತಿತ್ತು.

ಉತ್ತರ ಕರ್ನಾಟಕದಲ್ಲಿ ‘ಅಡ್ಡಹೆಸರು’ ಎಂದರೆ ಮನೆತನದ ಹೆಸರು. ಹಳೆಯ ಮೈಸೂರಿನ ಕಡೆ ಅದೇ ಮಾತಿಗೆ ಊರವರು ತಮಾಷೆಗೋ ಗುರುತಿಗೋ ಇಟ್ಟ ಹೆಸರು ಎಂಬ ಅರ್ಥ. ಚೆಕ್ ಹಳ್ಳಿಗಳಲ್ಲಿ ಎರಡನೆಯದು ನಿಧಾನವಾಗಿ ಮೊದಲನೆಯದಾಯಿತು. ಬಹುಕಾಲ ಈ ಹೆಸರುಗಳು ಸ್ಥಿರವಾಗಿರಲಿಲ್ಲ. ಒಬ್ಬನೇ ಮನುಷ್ಯ ಚರ್ಚಿನ ದಾಖಲೆಯಲ್ಲಿ ಒಂದು ಹೆಸರಿನಿಂದಲೂ ಒಡೆಯನ ಲೆಕ್ಕದ ಪುಸ್ತಕದಲ್ಲಿ ಇನ್ನೊಂದರಿಂದಲೂ ಕಾಣಿಸಿಕೊಳ್ಳುತ್ತಾನೆ. ‘ಚಾವಣಿಯ ಮೇಲಿಂದ ಬಂದ ಹೆಸರು’ ಎಂಬ ಪದ್ಧತಿಯೂ ಇತ್ತು: ಬೇರೆ ಮನೆಯ ಮಗಳನ್ನು ಮದುವೆಯಾಗಿ ಅಲ್ಲೇ ನೆಲೆಸಿದವನಿಗೆ ಆ ಮನೆಯ ಹೆಸರೇ ಬರುತ್ತಿತ್ತು, ಅವನ ತಂದೆಯದಲ್ಲ. ಇದನ್ನೆಲ್ಲ ಒಂದೇ ಏಟಿಗೆ ನಿಲ್ಲಿಸಿದ್ದು ಆಗ ಆ ನಾಡನ್ನು ವಿಯೆನ್ನಾದಿಂದ ಆಳುತ್ತಿದ್ದ ಚಕ್ರವರ್ತಿ ಎರಡನೆಯ ಜೋಸೆಫ್ 1786ರ ನವೆಂಬರ್ 1ರಂದು ಹೊರಡಿಸಿದ ಆಜ್ಞೆ. ಪ್ರತಿಯೊಬ್ಬನಿಗೂ ಒಂದು ಸ್ಥಿರವಾದ, ತಂದೆಯಿಂದ ಮಕ್ಕಳಿಗೆ ಇಳಿಯುವ ಹೆಸರಿರಬೇಕು. ತೆರಿಗೆ ವಸೂಲಿಗೂ ಸೈನ್ಯದ ನೇಮಕಕ್ಕೂ ಅದು ಅನುಕೂಲ. ಆ ಹೊತ್ತಿಗೆ ಯಾರ ಮೇಲೆ ಯಾವ ಗುರುತು ಕೂತಿತ್ತೋ ಅದು ಹಾಗೆಯೇ ಹೆಪ್ಪುಗಟ್ಟಿತು.

ಹೆಪ್ಪುಗಟ್ಟಿದ ಗುರುತುಗಳಲ್ಲಿ ಭೂತಕಾಲದ ಕ್ರಿಯಾಪದಗಳು ನನಗೆ ಎಲ್ಲಕ್ಕಿಂತ ಪ್ರಿಯ. ಪೊಸ್ಪೀಶಿಲ್ ಎಂದರೆ ಅವಸರಪಟ್ಟ. ದೊಹ್ನಲ್, ಬೆನ್ನಟ್ಟಿ ಹಿಡಿದ. ವಿಸ್ಕೊಚಿಲ್, ನೆಗೆದ. ದೊಲೆಝಲ್, ಬಿದ್ದುಕೊಂಡಿದ್ದ. ಸ್ತೆಯ್ಸ್ಕಲ್, ಗೋಳಾಡಿದ. ಪ್ರಸಿದ್ಧ ಕವಿ ವೀತ್ಯೆಸ್ಲಾವ್ ನೆಜ್ವಲ್ ಅವರ ಅಡ್ಡಹೆಸರಿಗೆ ‘ಕರೆಯದ’ ಎಂಬ ಅರ್ಥ. ಯಾವುದೋ ಮದುವೆಗೋ ಹಬ್ಬಕ್ಕೋ ಯಾರನ್ನೋ ಕರೆಯದೆ ಬಿಟ್ಟ ಪೂರ್ವಜನೊಬ್ಬನ ತಪ್ಪು ಶತಮಾನಗಳ ಕಾಲ ಅವನ ಸಂತತಿಯ ಬೆನ್ನ ಮೇಲೆ ಕೂತಿತೇನೋ. ಬಡಗಿ, ಕುಂಬಾರ, ದರ್ಜಿ ಎಂಬ ಕಸುಬಿನ ಹೆಸರುಗಳು ಯುರೋಪಿನ ಎಲ್ಲ ಕಡೆ ಸಿಗುತ್ತವೆ. ಒಂದು ದಿನದ ಒಂದು ಘಟನೆಯನ್ನು ಹೀಗೆ ಕ್ರಿಯಾಪದದಲ್ಲೇ ಹಿಡಿದಿಟ್ಟು ಮನೆತನ ಮಾಡಿದ್ದು ಚೆಕ್ಕರ, ಅದರಲ್ಲೂ ಮೊರಾವಿಯಾದವರ ವಿಶೇಷ. ಒಲೊಮೊಉತ್ಸ್, ಪ್ರೊಸ್ತ್ಯೆಯೊವ್ ಮತ್ತು ಪ್ರೆರೊವ್ ಊರುಗಳ ಸುತ್ತ ಹರಡಿರುವ ಹನಾ ಎಂಬ ಫಲವತ್ತಾದ ಬಯಲುಸೀಮೆಯಲ್ಲಿ ಇವು ದಟ್ಟವಾಗಿವೆ. ನವ್ರಾತಿಲ್ ಹೆಸರಿನ ತವರೂ ಮೊರಾವಿಯಾವೇ.

ಈಗ ಎಣಿಕೆಗೆ ಬರೋಣ. ಚೆಕ್ ಗಣರಾಜ್ಯದ ಜನಸಂಖ್ಯೆ ಸುಮಾರು 1.09 ಕೋಟಿ. ಅಲ್ಲಿ ಎಲ್ಲಕ್ಕಿಂತ ಹೆಚ್ಚು ಜನರಿಗಿರುವ ಹೆಸರು ನೊವಾಕ್, ಅಂದರೆ ಹೊಸಬ, ಊರಿಗೆ ಹೊಸದಾಗಿ ಬಂದು ನೆಲೆಸಿದವನು. ಗಂಡು ಹೆಣ್ಣು ಸೇರಿ ಸುಮಾರು 65ರಿಂದ 70 ಸಾವಿರ ಮಂದಿ, ಸಾವಿರಕ್ಕೆ ಆರು ಜನ. ನವ್ರಾತಿಲ್ ಹೆಸರು ಮೊದಲ 50ರೊಳಗೆ ಬರುತ್ತದೆ; ಆರೇಳು ಸಾವಿರ ಪುರುಷರು, ಹೆಚ್ಚುಕಡಿಮೆ ಅಷ್ಟೇ ಮಹಿಳೆಯರು, ಸಾವಿರಕ್ಕೆ ಒಬ್ಬರಿಗಿಂತ ತುಸು ಹೆಚ್ಚು. ಬಂದವನು ಮೊದಲ ಸ್ಥಾನದಲ್ಲಿ, ಮರಳಿ ಬಂದವನು ಸ್ವಲ್ಪ ಹಿಂದೆ. ವಿಯೆಟ್ನಾಮಿನ ನ್ಗುಯೆನ್ ಕೂಡ ಈಗ ಪಟ್ಟಿಯ ಮುಂಚೂಣಿಯಲ್ಲಿದೆ. ಸಮಾಜವಾದಿ ಚೆಕೊಸ್ಲೊವಾಕಿಯಾಕ್ಕೆ ಕಲಿಯಲು, ದುಡಿಯಲು ಬಂದ ವಿಯೆಟ್ನಾಮಿಗಳು ಅಲ್ಲೇ ಬೇರೂರಿದ್ದರ ಫಲ ಅದು. ನೊವಾಕ್ ಎಂಬ ಪದದ ಮೂಲ ಅರ್ಥ ಇಂದು ಯಾರಿಗಾದರೂ ನಿಜವಾಗಿ ಒಪ್ಪುವುದಾದರೆ ಅವರಿಗೇ.

ಇಷ್ಟು ಜನ ನವ್ರಾತಿಲ್‌ಗಳು ಒಬ್ಬ ಮೂಲಪುರುಷನ ಸಂತತಿಯೇ? ಖಂಡಿತ ಅಲ್ಲ. 1870ರ ದಶಕದಲ್ಲಿ ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ ಮತ್ತು ಗಣಿತಜ್ಞ ಹೆನ್ರಿ ವಾಟ್ಸನ್ ಒಂದು ಪ್ರಶ್ನೆಯನ್ನು ಎತ್ತಿಕೊಂಡರು. ಹೆಸರು ತಂದೆಯಿಂದ ಮಗನಿಗೆ ಮಾತ್ರ ಇಳಿಯುವುದಾದರೆ, ಒಂದು ಅಡ್ಡಹೆಸರು ಅಳಿದುಹೋಗುವ ಸಂಭವ ಎಷ್ಟು? ಒಬ್ಬ ರೈತನಿಗೆ ಮೂವರು ಗಂಡುಮಕ್ಕಳು, ಪಕ್ಕದವನಿಗೆ ಹುಟ್ಟಿದವರೆಲ್ಲ ಹೆಣ್ಣುಮಕ್ಕಳು, ಆಚೆಯವನಿಗೆ ಮಕ್ಕಳೇ ಇಲ್ಲ. ಸರಾಸರಿಯಲ್ಲಿ ತಂದೆಗೊಬ್ಬ ಮಗ ಎಂದೇ ಇಟ್ಟುಕೊಂಡರೂ, ಸಾಕಷ್ಟು ತಲೆಮಾರುಗಳ ಕಾಲ ಕಾದರೆ ಒಬ್ಬನೇ ಮೂಲಪುರುಷನಿಂದ ಹೊರಟ ಹೆಸರು ಅಳಿದೇ ಅಳಿಯುತ್ತದೆ. ಯಾರ ತಪ್ಪೂ ಇಲ್ಲ, ಬರೀ ಆಕಸ್ಮಿಕ. ಹೆಸರುಗಳು ಉಳಿಯುವುದು ಜನಸಂಖ್ಯೆ ಏರುತ್ತಿರುವಾಗ, ಅಥವಾ ಅದೇ ಹೆಸರು ಹಲವು ಕಡೆ ಬೇರೆಬೇರೆಯಾಗಿ ಹುಟ್ಟಿದಾಗ. ನವ್ರಾತಿಲ್ ಎರಡನೆಯ ಬಗೆಯದು. ನೂರು ಹಳ್ಳಿಗಳಲ್ಲಿ ನೂರು ಜನ ಮರಳಿ ಬಂದಿದ್ದಾರೆ. ತೊಂಬತ್ತು ವಂಶಗಳು ನಿಂತುಹೋದರೂ ಹತ್ತು ಮುಂದುವರಿಯುತ್ತವೆ ಎಂದು ಲೆಕ್ಕ ಹಿಡಿಯಿರಿ. ವಂಶವಾಹಿಗಳೂ ಇಂಥ ವ್ಯತ್ಯಾಸವನ್ನು ತೋರಿಸಬಲ್ಲವು. ತಂದೆಯಿಂದ ಮಗನಿಗೆ ಹೆಸರಿನಂತೆಯೇ ಇಳಿಯುವುದು ವೈ ವರ್ಣತಂತು. ಬ್ರಿಟನ್ನಿನ ತಳಿವಿಜ್ಞಾನಿ ಬ್ರಯಾನ್ ಸೈಕ್ಸ್ 2000ದಲ್ಲಿ ತಮ್ಮದೇ ಅಡ್ಡಹೆಸರಿನ 48 ಗಂಡಸರನ್ನು ಪರೀಕ್ಷಿಸಿದಾಗ ಅರ್ಧಕ್ಕೆ ಹತ್ತಿರ ಮಂದಿಯಲ್ಲಿ ಒಂದೇ ಬಗೆಯ ವೈ ವರ್ಣತಂತು ಸಿಕ್ಕಿತು, ಅಂದರೆ ಆ ಹೆಸರಿಗೆ ಒಬ್ಬನೇ ಮೂಲಪುರುಷ ಇದ್ದಿರಬಹುದು. ‘ಮರಳಿದ’ ಎಂಬಂಥ ಹೆಸರಿನಲ್ಲಿ ಅಂಥ ಏಕತೆಯನ್ನು ನಿರೀಕ್ಷಿಸುವಂತಿಲ್ಲ. ಇಬ್ಬರು ನವ್ರಾತಿಲ್‌ಗಳು ರೈಲಿನಲ್ಲಿ ಭೇಟಿಯಾದರೆ ಅವರ ನಡುವೆ ರಕ್ತಸಂಬಂಧಕ್ಕಿಂತ ಬರೀ ಪದದ ಸಂಬಂಧ ಇರುವ ಸಾಧ್ಯತೆಯೇ ಹೆಚ್ಚು.

ಹೆಸರು ಗಡಿ ದಾಟಿಯೂ ಹೋಗಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಚೆಕ್ ದರ್ಜಿಗಳು, ಇಟ್ಟಿಗೆ ಗೂಡಿನ ಕೂಲಿಗಳು, ಅಡುಗೆಯ ಹೆಂಗಸರು ಸಾವಿರಾರು ಸಂಖ್ಯೆಯಲ್ಲಿ ವಿಯೆನ್ನಾಕ್ಕೆ ಹೋದರು. ಅಲ್ಲಿ ಹೆಸರಿನ ದೀರ್ಘದ ಗೆರೆ ಅಳಿಸಿಹೋಯಿತು, ಕೆಲವು ಕಡೆ ಬರವಣಿಗೆ ಜರ್ಮನ್ ರೀತಿಗೆ ತಿರುಗಿತು. ಇಂದಿನ ಸ್ಲೊವಾಕಿಯಾದ ಸೆರೆಜ್ ಪಟ್ಟಣದಲ್ಲಿ ಹುಟ್ಟಿದ ಮಿಶೆಲ್ ನವ್ರಾತಿಲ್ ಎಂಬ ದರ್ಜಿ ಫ್ರಾನ್ಸಿನ ನೀಸ್ ನಗರಕ್ಕೆ ಹೋಗಿ ನೆಲೆಸಿದ್ದ. ದಾಂಪತ್ಯ ಮುರಿದಿತ್ತು. 1912ರ ಏಪ್ರಿಲಿನಲ್ಲಿ ಅವನು ತನ್ನ ಇಬ್ಬರು ಪುಟ್ಟ ಗಂಡುಮಕ್ಕಳನ್ನು ಹೆಂಡತಿಗೆ ತಿಳಿಸದೆ ಕರೆದುಕೊಂಡು, ಹಾಫ್‌ಮನ್ ಎಂಬ ಸುಳ್ಳು ಹೆಸರಿನಲ್ಲಿ ಟೈಟಾನಿಕ್ ಹಡಗನ್ನು ಹತ್ತಿದ. ಹಡಗು ಮುಳುಗುವಾಗ ಮಕ್ಕಳನ್ನು ದೋಣಿಯಲ್ಲಿ ಇಳಿಸಿ ತಾನು ಉಳಿದ. ನಾಲ್ಕು ತುಂಬದ ಮಿಶೆಲ್, ಎರಡು ವರ್ಷದ ಎದ್ಮೊಂ, ಇಬ್ಬರಿಗೂ ಇಂಗ್ಲಿಷ್ ಬಾರದು, ತಮ್ಮ ಮನೆತನದ ಹೆಸರು ಹೇಳಲು ತಿಳಿಯದು. ‘ಟೈಟಾನಿಕ್‌ನ ಅನಾಥರು’ ಎಂದು ಅವರ ಚಿತ್ರ ಪತ್ರಿಕೆಗಳಲ್ಲಿ ಅಚ್ಚಾಗಿ, ಅದನ್ನು ಕಂಡ ತಾಯಿ ನ್ಯೂಯಾರ್ಕಿಗೆ ಬಂದು ಮಕ್ಕಳನ್ನು ಫ್ರಾನ್ಸಿಗೆ ಕರೆದೊಯ್ದಳು. ದೊಡ್ಡವನು ತತ್ವಶಾಸ್ತ್ರದ ಪ್ರಾಧ್ಯಾಪಕನಾಗಿ 2001ರವರೆಗೆ ಬದುಕಿದ. ತಂದೆಯ ದೇಹವನ್ನು ಹಾಫ್‌ಮನ್ ಎಂಬ ಹೆಸರಿನಿಂದಾಗಿ ಯೆಹೂದಿ ಎಂದು ತಿಳಿದು ಕೆನಡಾದ ಹ್ಯಾಲಿಫ್ಯಾಕ್ಸ್‌ನ ಯೆಹೂದಿ ಸ್ಮಶಾನದಲ್ಲಿ ಹೂತಿದ್ದರು. ಒಂದು ಅಡ್ಡಹೆಸರು ಬದಲಾದರೆ ಮನುಷ್ಯ ಯಾವ ಮಣ್ಣಿಗೆ ಸೇರುತ್ತಾನೆ ಎಂಬುದೂ ಬದಲಾಗುತ್ತದೆ.

ಮಾರ್ಟಿನಾ ಅವರಿಗೂ ಈ ಹೆಸರು ಹುಟ್ಟಿನಿಂದ ಬಂದದ್ದಲ್ಲ. 1956ರಲ್ಲಿ ಪ್ರಾಗ್‌ನಲ್ಲಿ ಹುಟ್ಟಿದಾಗ ಅವರು ಶುಬೆರ್ತೊವಾ. ತಂದೆ ತಾಯಿ ಬೇರೆಯಾದ ಮೇಲೆ ತಾಯಿ ಮದುವೆಯಾದ ಮಿರೊಸ್ಲಾವ್ ನವ್ರಾತಿಲ್ ಅವರೇ ಮಗುವಿನ ಕೈಗೆ ಟೆನಿಸ್ ಕಲಿಸಿದವರು. ಮಲತಂದೆಯ ಹೆಸರನ್ನೇ ಮಾರ್ಟಿನಾ ತಮ್ಮದಾಗಿಸಿಕೊಂಡರು. ವೈ ವರ್ಣತಂತುವಿನ ಲೆಕ್ಕಕ್ಕೆ ಸಿಗದ ಇಂಥ ಹಸ್ತಾಂತರಗಳು ಪ್ರತಿಯೊಂದು ಅಡ್ಡಹೆಸರಿನ ಒಳಗೂ ಇರುತ್ತವೆ.

ಹೆಸರಿನ ಕೊನೆಯ ‘ಒವಾ’ ಸ್ವಾಮ್ಯವನ್ನು ಸೂಚಿಸುವ ವಿಶೇಷಣದಿಂದ ಬಂದದ್ದು, ಇಂಥವನ ಮಡದಿ ಅಥವಾ ಮಗಳು ಎಂಬ ಅರ್ಥದಲ್ಲಿ. ಚೆಕ್ ಕ್ರಿಯಾಪದಕ್ಕೆ ತನ್ನದೇ ಸ್ತ್ರೀಲಿಂಗ ರೂಪವಿದೆ: ನವ್ರಾತಿಲಾ, ಮರಳಿದಳು. ಆದರೆ ಅದು ಯಾರ ಅಡ್ಡಹೆಸರೂ ಆಗಲಿಲ್ಲ. ಕ್ರಿಯಾಪದ ನಾಮಪದವಾಗಿ ಗಟ್ಟಿಯಾದ ಮೇಲೆ ಅದಕ್ಕೆ ವಿಭಕ್ತಿಗಳು ಹತ್ತಿದವು. ‘ನವ್ರಾತಿಲಾ’ ಎಂಬ ಅದೇ ಅಕ್ಷರಗಳಿಗೆ ಈಗ ‘ನವ್ರಾತಿಲ್‌ನನ್ನು’ ಎಂಬ ಅರ್ಥ. ಮನೆಯ ಹೆಂಗಸು ‘ಮರಳಿದವನವಳು’ ಎಂದೇ ದಾಖಲಾದಳು. ಎಣಿಕೆಯಲ್ಲೂ ನವ್ರಾತಿಲ್ ಮತ್ತು ನವ್ರಾತಿಲೋವಾ ಎರಡು ಬೇರೆ ಹೆಸರುಗಳಾಗಿ ನಿಲ್ಲುತ್ತವೆ, ನಾವೇ ಕೂಡಿಸಿಕೊಳ್ಳಬೇಕು. 2022ರ ಜನವರಿ 1ರಿಂದ ಯಾವ ಚೆಕ್ ಮಹಿಳೆಯಾದರೂ ಕಾರಣ ಕೊಡದೆ ಪುಲ್ಲಿಂಗದ ರೂಪವನ್ನೇ ಇಟ್ಟುಕೊಳ್ಳಬಹುದು. ಆದ್ದರಿಂದ ಮುಂದಿನ ಎಣಿಕೆಗಳಲ್ಲಿ ನವ್ರಾತಿಲ್ ಎಂಬವರೆಲ್ಲರೂ ಗಂಡಸರೇ ಎಂದು ತಿಳಿಯುವಂತಿಲ್ಲ.

1975ರಲ್ಲಿ, ಹದಿನೆಂಟರ ವಯಸ್ಸಿನಲ್ಲಿ ಮಾರ್ಟಿನಾ ಅಮೆರಿಕದಲ್ಲಿ ಆಶ್ರಯ ಕೇಳಿದರು. 1986ರ ಜುಲೈನಲ್ಲಿ ದೇಶದೇಶಗಳ ಮಹಿಳಾ ಟೆನಿಸ್ ತಂಡಗಳು ಸೆಣಸುವ ಫೆಡರೇಷನ್ ಕಪ್‌ಗಾಗಿ ಅಮೆರಿಕ ತಂಡದ ಆಟಗಾರ್ತಿಯಾಗಿ ಪ್ರಾಗ್‌ಗೆ ಬಂದು, ತವರಿನ ತಂಡವನ್ನೇ ಫೈನಲ್‌ನಲ್ಲಿ ಸೋಲಿಸಿದರು. ಪ್ರೇಕ್ಷಕರು ಎದುರಾಳಿ ತಂಡದ ಈ ಆಟಗಾರ್ತಿಗೆ ಮನಸ್ಸು ತುಂಬಿ ಚಪ್ಪಾಳೆ ತಟ್ಟಿದರು. ಆ ಸಂಗತಿಯನ್ನು ಚೆಕ್ ಭಾಷೆಯಲ್ಲಿ ಹೇಳಬೇಕಾದರೆ ವಾಕ್ಯ ಹೀಗಾಗುತ್ತದೆ: ‘ನವ್ರಾತಿಲೋವಾ ಸೆ ವ್ರಾತಿಲಾ’. ಮೊದಲ ಪದದಲ್ಲಿ ಯಾವುದೋ ಕಾಲದಲ್ಲಿ ಮರಳಿದ ಒಬ್ಬ ಗಂಡಸು, ಕೊನೆಯ ಪದದಲ್ಲಿ ಮರಳಿದ ಹೆಂಗಸು.