ಅಳೆಯಲು ಬಾರದ ರೂಲ್ ಯಾರಿಗೆ ಬೇಕು?

ಯಮಹಾ ಆರ್‌ಎಕ್ಸ್ 100 ಗಾಡಿಯ ಬೋರ್ (ಸಿಲಿಂಡರಿನ ಒಳಗಿನ ಅಗಲ) 50 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ) ಕೂಡ 50. ಲೆಕ್ಕ ಹಾಕಿದರೆ 98 ಸಿಸಿ ಚಿಲ್ಲರೆ. ಹಳೇ ಗಾಡಿ ಅಲ್ವಾ, ಬ್ಲಾಕ್ (ಸಿಲಿಂಡರ್) ಸವೆದು ಒಂದು ಸಲವಾದರೂ ಬೋರ್ ಆಗಿರುತ್ತದೆ, ಅಂದರೆ ಒಳಗೆ ಕೊರೆದು ಅಗಲ ಮಾಡಿರುತ್ತಾರೆ. ಅರ್ಧ ಮಿ.ಮೀ. ಓವರ್‌ಸೈಜ್ ಪಿಸ್ಟನ್ ಹಾಕಿದರೆ 100.1 ಸಿಸಿ ಆಗಿಬಿಡುತ್ತದೆ.

ನಾನು ತಪಾಸಣೆಗೆ ನಿಂತಿದ್ದ ಒಂದು ಕ್ಲಬ್ ರೇಸ್‌ನಲ್ಲಿ ರೂಲ್ ಒಂದೇ ಸಾಲು: ‘ಗರಿಷ್ಠ 100 ಸಿಸಿ’. ಆ ಸಾಲಿನಿಂದಾಗಿ ಕಾಲೇಜು ಹುಡುಗನೊಬ್ಬನನ್ನು ನಾನೇ ಹೊರಗೆ ಹಾಕಬೇಕಾಯಿತು. ಅವನು ಮೋಸ ಮಾಡಿರಲಿಲ್ಲ, ಸವೆದ ಬ್ಲಾಕ್ ರಿಪೇರಿ ಮಾಡಿಸಿದ್ದ ಅಷ್ಟೇ. ಅವತ್ತು ಗೆದ್ದ ಗಾಡಿಯ ಬೋರ್ ಸರಿಯಾಗಿ 50 ಇತ್ತು. ಅದರ ಪೋರ್ಟ್‌ಗಳನ್ನು, ಅಂದರೆ ಗಾಳಿ-ಪೆಟ್ರೋಲ್ ಒಳಬರುವ, ಹೊಗೆ ಹೊರಹೋಗುವ ಸಿಲಿಂಡರ್ ಗೋಡೆಯ ಕಿಂಡಿಗಳನ್ನು, ಚೆನ್ನಾಗಿಯೇ ಕೆತ್ತಿದ್ದರು. ಪೋರ್ಟ್ ಬಗ್ಗೆ ರೂಲ್‌ನಲ್ಲಿ ಒಂದಕ್ಷರವೂ ಇರಲಿಲ್ಲ.

ಆರ್‌ಎಕ್ಸ್‌ನಂಥ ಟೂ ಸ್ಟ್ರೋಕ್ ಇಂಜಿನ್‌ನಲ್ಲಿ ಪವರ್ ಇರುವುದೇ ಪೋರ್ಟ್‌ನಲ್ಲಿ. ಎಕ್ಸಾಸ್ಟ್ ಪೋರ್ಟ್ ಮೇಲಂಚನ್ನು ಒಂದು ಮಿ.ಮೀ. ಫೈಲ್ ಮಾಡಿ ಅದಕ್ಕೆ ಹೊಂದುವ ಎಕ್ಸ್‌ಪಾನ್ಶನ್ ಚೇಂಬರ್ (ನಡುವೆ ಉಬ್ಬಿದ ಸೈಲೆನ್ಸರ್ ಕೊಳವೆ) ಕೂರಿಸಿದರೆ ಗಾಡಿಯ ಗುಣವೇ ಬದಲಾಗುತ್ತದೆ. ಕೆಲವರು ಬ್ಲಾಕಿನ ಮೇಲ್ಭಾಗದಿಂದ ಪೋರ್ಟ್‌ವರೆಗೆ ವರ್ನಿಯರ್ (ಸೂಕ್ಷ್ಮ ಅಳತೆಯ ಉಪಕರಣ) ಹಿಡಿದು ಸರಿ ಇದೆ ಅನ್ನುತ್ತಾರೆ. ಅದು ಸಾಲದು. ಫೈಲ್ ಮುಟ್ಟಿಸದೆಯೇ ಬ್ಲಾಕಿನ ಕೆಳಗೆ ದಪ್ಪ ಗ್ಯಾಸ್ಕೆಟ್ ಹಾಕಿದರೆ ಇಡೀ ಬ್ಲಾಕ್ ಮೇಲೇಳುತ್ತದೆ, ಎಕ್ಸಾಸ್ಟ್ ಬೇಗ ತೆರೆಯುತ್ತದೆ, ಇಳಿದ ಕಂಪ್ರೆಷನ್ನನ್ನು ಹೆಡ್ (ಸಿಲಿಂಡರಿನ ಮುಚ್ಚಳ) ಸ್ಕಿಮ್ ಮಾಡಿಸಿ, ಅಂದರೆ ಅದರ ತಳ ಸ್ವಲ್ಪ ಹೆರೆಸಿ, ವಾಪಸ್ ತರಬಹುದು. ಹಾಗಾಗಿ ಕ್ರಾಂಕ್‌ಗೆ (ಪಿಸ್ಟನ್ನಿನ ಜೊತೆ ತಿರುಗುವ ಶಾಫ್ಟಿಗೆ) ಡಿಗ್ರಿ ಗುರುತಿರುವ ಚಕ್ರ ಕಟ್ಟಿ, ಪೋರ್ಟ್ ಎಷ್ಟು ಡಿಗ್ರಿ ತೆರೆದಿರುತ್ತದೆ ಅಂತ ನೋಡಬೇಕು. ಬ್ಯೂರೆಟ್‌ನಿಂದ (ಅಳತೆ ಗುರುತಿರುವ ಗಾಜಿನ ಕೊಳವೆಯಿಂದ) ಎಣ್ಣೆ ಬಿಟ್ಟು ಹೆಡ್ ಎಷ್ಟು ಸಿಸಿ ಹಿಡಿಯುತ್ತದೆ ಅಂತಲೂ ನೋಡಬೇಕು. ಪ್ಯಾಡಾಕ್‌ನಲ್ಲಿ (ರೇಸ್ ಗಾಡಿಗಳನ್ನು ನಿಲ್ಲಿಸಿ ಸಿದ್ಧ ಮಾಡುವ ಜಾಗದಲ್ಲಿ) ಒಂದು ಮೇಜು ಇದ್ದರೆ ಇಷ್ಟೂ ಕೆಲಸ ಆಗುತ್ತದೆ.

ಕಾರ್ಬ್ಯುರೇಟರ್ ಬದಲು ಕಂಪ್ಯೂಟರ್ ಪೆಟ್ರೋಲ್ ಬಿಡುವ ಇಂಜೆಕ್ಷನ್ ಗಾಡಿಗಳಲ್ಲಿ ಬರೀ ಈ ಅಳತೆ ನಡೆಯುವುದಿಲ್ಲ. ಇಸಿಯು (ಆ ಕಂಪ್ಯೂಟರ್) ಒಳಗಿನ ಮ್ಯಾಪ್, ಅಂದರೆ ಯಾವಾಗ ಎಷ್ಟು ಪೆಟ್ರೋಲ್ ಬಿಡಬೇಕು ಅನ್ನುವ ಪಟ್ಟಿ, ಬದಲಾಯಿಸಿದ್ದರೆ ಹೊರಗಿನಿಂದ ಕಾಣುವುದಿಲ್ಲ. ‘ಸ್ಟಾಕ್ ಮ್ಯಾಪ್ ಕಡ್ಡಾಯ’ (ಕಂಪನಿ ಕೊಟ್ಟ ಮ್ಯಾಪೇ ಇರಬೇಕು) ಅಂತ ಬರೆದು ಸುಮ್ನೆ ಕೂತರೆ ರೂಲ್ ಪಾಲಿಸಿದವನೇ ಸೋಲುತ್ತಾನೆ. ಎಲ್ಲರದ್ದೂ ಒಂದೇ ಮಾಡೆಲ್ ಆಗಿದ್ದರೆ ರೇಸ್‌ಗೆ ಮುಂಚೆ ಇಸಿಯುಗಳನ್ನೆಲ್ಲ ತೆಗೆದಿಟ್ಟು, ಚೀಟಿ ಎತ್ತಿ ಹಂಚಿಬಿಡಿ. ಮ್ಯಾಪ್‌ಗೆ ದುಡ್ಡು ಸುರಿದವನಿಗೆ ಅದು ತನಗೇ ಸಿಗುತ್ತದೆ ಅನ್ನುವ ಖಾತ್ರಿ ಇರುವುದಿಲ್ಲ.

ಬೆಂಗಳೂರಿನ ಹುಡುಗರು ಗಾಡಿಯನ್ನು ಟೆಂಪೋಗೆ ಏರಿಸಿ ಕೊಯಮತ್ತೂರಿನ ಕರಿ ಸ್ಪೀಡ್‌ವೇಗೋ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ರೇಸ್ ಟ್ರ್ಯಾಕಿಗೋ ಹೋಗುತ್ತಾರೆ. ಬಾಡಿಗೆ, ಟೈರ್, ಎಂಟ್ರಿ ಫೀ ಎಲ್ಲ ಸ್ವಂತ ಜೇಬಿನಿಂದ. ಅಂಥವರನ್ನು ಅರ್ಧ ಮಿ.ಮೀ.ಗೆ ವಾಪಸ್ ಕಳಿಸುವುದು ನನಗೆ ತುಂಬಾ ನೋವಿನ ಕೆಲಸ.

ಆ ರೇಸ್ ಆದಮೇಲೆ ನಡೆಸಿದವರಿಗೆ ಮೂರು ಸಾಲು ಬರೆದುಕೊಟ್ಟೆ. ಬೋರ್ 51ರವರೆಗೆ ಇರಲಿ, ಅಂದರೆ 102.1 ಸಿಸಿ. ಎಕ್ಸಾಸ್ಟ್ ಪೋರ್ಟ್‌ಗೆ ಡಿಗ್ರಿಯಲ್ಲಿ ಮಿತಿ ಇರಲಿ. ಗೆದ್ದ ಮೊದಲ ಮೂರು ಗಾಡಿಗಳನ್ನು ಎಲ್ಲರ ಮುಂದೆಯೇ ಬಿಚ್ಚಿ ಅಳೆಯಿರಿ.